ಗೋಡೆಯ ತೇವ ಮತ್ತು ಗೃಹಸ್ಥನ ಪ್ರಮಾದ

ಗೃಹಸ್ಥನ ಅಹಿಂಸಾವ್ರತವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆಹಾರದಿಂದ ಆರಂಭಿಸುತ್ತಾರೆ. ರಾತ್ರಿಭೋಜನ ತ್ಯಾಗ, ನೀರನ್ನು ಸೋಸಿ ಕುಡಿಯುವುದು, ಕಂದಮೂಲಗಳ ವರ್ಜನೆ ಇವೆಲ್ಲ ನಮಗೆ ಬಾಲ್ಯದಿಂದ ಪರಿಚಿತವಾದವು. ಆದರೆ ನಾವು ವಾಸಿಸುವ ಮನೆಯ ಗೋಡೆಯನ್ನು ಕುರಿತು, ಅದರ ಮೇಲೆ ಹುಟ್ಟಿ ಬೆಳೆಯುವ ಜೀವರಾಶಿಯನ್ನು ಕುರಿತು, ಅದೇ ಗೋಡೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವಾಗ ನಾವು ಆಡುವ ಮಾತನ್ನು ಕುರಿತು ವಿಚಾರ ನಡೆದದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ. ನಾನು ವೃತ್ತಿಯಿಂದ ಅಡಿಕೆ ವ್ಯಾಪಾರಿ, ಓದಿದ್ದು ಬಿ.ಕಾಂ.; ಶಾಸ್ತ್ರಗ್ರಂಥಗಳ ಪರಿಚಯ ಸಂಜೆಯ ಸ್ವಾಧ್ಯಾಯದಿಂದ ಬಂದದ್ದು. ಆದುದರಿಂದ ಇಲ್ಲಿ ಹೇಳುವುದರಲ್ಲಿ ತಪ್ಪಿದ್ದರೆ ವಿದ್ವಾಂಸರು ತಿದ್ದಬೇಕೆಂದು ಮೊದಲೇ ಪ್ರಾರ್ಥಿಸುತ್ತೇನೆ.

ಈ ವಿಚಾರಕ್ಕೆ ಕಾರಣನಾದವನು ಎಂಟು ವರ್ಷದ ನನ್ನ ಮೊಮ್ಮಗ. 2023ರ ಡಿಸೆಂಬರ್ ತಿಂಗಳಲ್ಲಿ ನಾನೂ ನನ್ನ ಧರ್ಮಪತ್ನಿಯೂ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಆ ಊರಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಹಿಂದೆ ಇಗರ್ಜಿಯಾಗಿದ್ದ ಕಟ್ಟಡವನ್ನು ಜಿನಾಲಯವನ್ನಾಗಿ ಮಾಡಿ 1988ರಲ್ಲಿ ಪ್ರತಿಷ್ಠೆ ನೆರವೇರಿಸಿದ್ದಾರೆ. ಶ್ವೇತಾಂಬರ, ದಿಗಂಬರ ಎರಡೂ ಪರಂಪರೆಯವರಿಗೆ ಒಂದೇ ಸೂರಿನಡಿ ಸ್ಥಾನವಿದೆ. ಅದರ ದರ್ಶನದ ಸಂತೋಷವನ್ನು ಇನ್ನೊಮ್ಮೆ ಬರೆಯಬಹುದು. ಇಲ್ಲಿ ಹೇಳಬೇಕಾದದ್ದು ಮಗಳ ಮನೆಯ ಉತ್ತರ ದಿಕ್ಕಿನ ಮಲಗುವ ಕೋಣೆಯ ಗೋಡೆಯ ವಿಷಯ. ಬಟ್ಟೆಯ ಕಪಾಟಿನ ಹಿಂದೆ, ಮಾಡಿಗೆ ಹತ್ತಿದ ಮೂಲೆಯಲ್ಲಿ, ಕಿಟಕಿಯ ಚೌಕಟ್ಟಿನ ಸುತ್ತ ಕಪ್ಪು ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಹರಡಿದ್ದವು. ಕೋಣೆಗೆ ಕಾಲಿಟ್ಟೊಡನೆ ಮುಗ್ಗಲು ವಾಸನೆ. ಎರಡು ವರ್ಷದ ಮೊಮ್ಮಗಳು ರಾತ್ರಿಯಿಡೀ ಕೆಮ್ಮುತ್ತಿದ್ದಳು. ಮಗಳು ಅಂಗಡಿಯಿಂದ ತಂದ ಔಷಧಿ ನೀರನ್ನು ಸಿಂಪಡಿಸಿ ಗೋಡೆಯನ್ನು ಒರೆಸುತ್ತಿದ್ದಾಗ ಬಳಿಯಲ್ಲಿ ನಿಂತಿದ್ದ ಹುಡುಗ, “ಅಜ್ಜ, ಅದಕ್ಕೂ ಜೀವ ಇದೆಯಲ್ಲ? ಅಮ್ಮ ಕೊಲ್ಲಬಹುದೇ?” ಎಂದು ಕೇಳಿದ. ಭಾನುವಾರದ ಪಾಠಶಾಲೆಗೆ ಹೋಗುವ ಹುಡುಗ. ನಾನು “ಅದು ಬರೀ ಕೊಳೆ, ಮಗೂ” ಎಂದುಬಿಟ್ಟೆ. ಅವನು ನಂಬಲಿಲ್ಲ. ನನಗೂ ನಂಬಿಕೆಯಿರಲಿಲ್ಲ.

ಅದು ಬರೀ ಕೊಳೆಯಲ್ಲ. ಶ್ರೀ ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ವನಸ್ಪತಿಕಾಯ ಜೀವಗಳನ್ನು ಎಣಿಸುವಾಗ ಪಾಚಿಯ ಜೊತೆಗೆ ಪಣಕ, ಕವಕ, ಕುಹಣಗಳ ಹೆಸರೂ ಬರುತ್ತದೆ. ಒದ್ದೆಯಾದ ನೆಲ, ಇಟ್ಟಿಗೆ, ಹಳಸಿದ ಆಹಾರ ಇವುಗಳ ಮೇಲೆ ಮೂಡುವ ಬೂಷ್ಟಿನ ಜಾತಿಯವೇ ಇವು. ಒಂದು ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿರುವ ಸಾಧಾರಣ ವನಸ್ಪತಿಗಳಲ್ಲಿ ಇವಕ್ಕೆ ಸ್ಥಾನ. ಇಂದಿನ ಜೀವಶಾಸ್ತ್ರಜ್ಞರು ಬೂಷ್ಟನ್ನು ಸಸ್ಯವೆಂದೂ ಕರೆಯುವುದಿಲ್ಲ, ಪ್ರಾಣಿಯೆಂದೂ ಕರೆಯುವುದಿಲ್ಲ. ಶಿಲೀಂಧ್ರಗಳೆಂಬ ಪ್ರತ್ಯೇಕ ಸಾಮ್ರಾಜ್ಯದಲ್ಲಿ ಸೇರಿಸುತ್ತಾರೆ. ಈ ವರ್ಗೀಕರಣ ನಮ್ಮ ಶಾಸ್ತ್ರದ ವರ್ಗೀಕರಣದೊಡನೆ ಹೊಂದುವುದಿಲ್ಲ. ಹೊಂದಿಸಲು ಹೆಣಗುವುದೂ ಅನಾವಶ್ಯಕವೆಂದು ನನ್ನ ಅಭಿಪ್ರಾಯ. ಆಚಾರ್ಯರಿಗೆ ಸೂಕ್ಷ್ಮದರ್ಶಕವಿತ್ತೇ ಎಂದು ವಾದಿಸುವ ಉತ್ಸಾಹಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರ ವಾದದಿಂದ ಆಗಮಕ್ಕೆ ಗೌರವ ಹೆಚ್ಚುವುದಿಲ್ಲ. ಅದು ಜಡವಲ್ಲ, ಜೀವ ಎಂಬ ಒಂದು ಮಾತಿನಲ್ಲಿ ಇಬ್ಬರಿಗೂ ಒಮ್ಮತವಿದೆ. ನಮ್ಮ ಪ್ರಶ್ನೆಗೆ ಅಷ್ಟು ಸಾಕು.

ಹಾಗಾದರೆ ಒರೆಸುವುದು ಹಿಂಸೆಯೇ? ನನ್ನ ಸ್ವಾಧ್ಯಾಯದ ಗೆಳೆಯರೊಬ್ಬರು ಇದಕ್ಕೆ ಲೆಕ್ಕದ ಉತ್ತರ ಕೊಟ್ಟರು. ಏಕೇಂದ್ರಿಯಕ್ಕೆ ನಾಲ್ಕು ಪ್ರಾಣಗಳು, ಸಂಜ್ಞಿ ಪಂಚೇಂದ್ರಿಯವಾದ ಮಗುವಿಗೆ ಹತ್ತು. ಆದುದರಿಂದ ಮಗುವಿಗಾಗಿ ಬೂಷ್ಟನ್ನು ತೆಗೆಯುವುದರಲ್ಲಿ ದೋಷವಿಲ್ಲವೆಂದು. ಉತ್ತರ ಸರಿಯಾದ ಕಡೆಗೇ ಹೋಗುತ್ತದೆ, ಆದರೆ ಹೋಗುವ ದಾರಿ ನನಗೆ ಸಮಾಧಾನ ತರಲಿಲ್ಲ. ಲೆಕ್ಕವನ್ನೇ ಹಿಡಿದರೆ ಆ ಕಡೆ ನಾಲ್ಕು ಪ್ರಾಣಗಳ ಜೀವಗಳು ಅನಂತವಾಗಿವೆಯಲ್ಲ! ಅನೇಕ ಸಣ್ಣ ಜೀವಗಳನ್ನು ಕೊಲ್ಲುವುದಕ್ಕಿಂತ ಒಂದು ದೊಡ್ಡ ಪ್ರಾಣಿಯನ್ನು ಕೊಂದು ತಿನ್ನುವುದು ಮೇಲು ಎಂಬ ವಾದವನ್ನು ಶ್ರೀ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಖಂಡಿಸಿದ್ದಾರೆ. ತಲೆಯೆಣಿಕೆಯಿಂದ ಹಿಂಸೆಯನ್ನು ಅಳೆಯಲಾಗದು ಎಂಬುದಕ್ಕೆ ಅದೇ ಸಾಕ್ಷಿ. ವ್ಯಾಪಾರಿಗಳಾದ ನಮಗೆ ಎಲ್ಲವನ್ನೂ ಜಮಾಖರ್ಚಿಗೆ ಇಳಿಸುವ ಚಟವಿದೆ. ಕೊನೆಗೆ ಶಿಲ್ಕು ನಮ್ಮ ಪರವಾಗಿಯೇ ಉಳಿಯುವಂತೆ ಬರೆದುಕೊಳ್ಳುತ್ತೇವೆ.

ಇನ್ನೊಂದು ಉತ್ತರವಿದೆ. ಇದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆ, ಸಂಕಲ್ಪೀ ಹಿಂಸೆಯಲ್ಲ, ಆದುದರಿಂದ ಚಿಂತೆ ಬೇಡವೆಂಬುದು. ಇದರ ಮೊದಲರ್ಧವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಆರಂಭೀ ಹಿಂಸೆಯನ್ನು ಅಣುವ್ರತಿಯು ಪೂರ್ಣವಾಗಿ ಬಿಡಲಾರನು ಎಂದರೆ ಅದು ಹಿಂಸೆಯೇ ಅಲ್ಲವೆಂದು ಅರ್ಥವಲ್ಲ. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಪ್ರಮಾದದ ಯೋಗದಿಂದ ಆಗುವ ಪ್ರಾಣಹಾನಿ ಹಿಂಸೆ. ಹಾಗಿರುವಾಗ ಒರೆಸುವ ಕ್ಷಣವನ್ನು ಮಾತ್ರ ನೋಡಿದರೆ ಸಾಲದು. ಒರೆಸಬೇಕಾದ ಸ್ಥಿತಿ ಹೇಗೆ ಬಂತು, ಯಾರ ಅಜಾಗ್ರತೆಯಿಂದ ಬಂತು ಎಂದು ಹಿಂದಕ್ಕೆ ಹೋಗಬೇಕು. ಅದಕ್ಕೆ ತೇವ ಗೋಡೆಗೆ ಬರುವ ಬಗೆಯನ್ನು ತಿಳಿಯಬೇಕಾಗುತ್ತದೆ. ಈ ಭಾಗ ಕೊಂಚ ದೀರ್ಘವಾಯಿತೆಂದು ವಾಚಕ ಬಂಧುಗಳು ಬೇಸರಿಸಬಾರದು. ಧರ್ಮದ ಪ್ರಶ್ನೆ ಇರುವುದೇ ಅದರೊಳಗೆ.

ನಮ್ಮ ಕರಾವಳಿಯಲ್ಲಿ ಗೋಡೆಗೆ ತೇವ ಬರುವುದು ಮಳೆಗಾಲದಲ್ಲಿ, ಹೊರಗಿನಿಂದ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ. ಪಡುವಣ ಗೋಡೆಗೆ ಇರಿಚಲು ಹೊಡೆದು ಮುರಕಲ್ಲು ನೀರು ಕುಡಿಯುತ್ತದೆ. ಕೆಲವು ಹಳೆಯ ಮನೆಗಳಲ್ಲಿ ಪಂಚಾಂಗದ ಕಲ್ಲಿನ ಮೂಲಕ ನೆಲದ ಪಸೆಯೂ ಮೇಲೇರುತ್ತದೆ. ಇಂಗ್ಲೆಂಡಿನಲ್ಲಿ ನಾನು ಕಂಡದ್ದು ಮೂರನೆಯ ಬಗೆ: ಚಳಿಗಾಲದ ತೇವ, ಮನೆಯ ಒಳಗಿನಿಂದಲೇ ಬರುವಂಥದು. ಗಾಳಿಯು ನೀರಿನ ಆವಿಯನ್ನು ಹೊತ್ತುಕೊಂಡಿರುತ್ತದೆ. ಅದರ ಸಾಮರ್ಥ್ಯ ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 17 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಕೋಣೆಯ ಬೆಚ್ಚಗಿನ ಗಾಳಿಯಲ್ಲಿ 10 ಗ್ರಾಂಗೂ ಹೆಚ್ಚು ಆವಿಯಿದ್ದು, ಅದು 10 ಡಿಗ್ರಿಯ ತಣ್ಣನೆಯ ಗೋಡೆಯನ್ನು ಮುಟ್ಟಿತೆನ್ನಿ. ಗೋದಾಮು ಕಿರಿದಾಯಿತು, ಸರಕು ಅಷ್ಟೇ ಇದೆ; ಮಿಕ್ಕದ್ದನ್ನು ಗಾಳಿ ಗೋಡೆಯ ಮೇಲೆ ಇಳಿಸಿಬಿಡುತ್ತದೆ. ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ ಕೂಡುವ ನಿಯಮವೇ ಇದು. ಬೂಷ್ಟಿಗೆ ಕಣ್ಣಿಗೆ ಕಾಣುವ ನೀರೂ ಬೇಕಿಲ್ಲ. ಗೋಡೆಗೆ ಹತ್ತಿದ ಗಾಳಿಯ ಸಾಪೇಕ್ಷ ಆರ್ದ್ರತೆ ಕೆಲವು ದಿನ ಶೇಕಡಾ 80ರ ಆಸುಪಾಸಿನಲ್ಲಿ ನಿಂತರೆ ಅದು ಬೇರೂರಲು ಆರಂಭಿಸುತ್ತದೆ. ಅದರ ಬೀಜಾಣುಗಳು ಎಲ್ಲ ಮನೆಯ ಗಾಳಿಯಲ್ಲಿಯೂ ಇವೆ. ಆಹಾರ ಧೂಳಿನಲ್ಲಿ, ಬಣ್ಣದಲ್ಲಿ, ಗೋಡೆಗೆ ಅಂಟಿಸಿದ ಕಾಗದದ ಅಂಟಿನಲ್ಲಿ ದೊರೆಯುತ್ತದೆ. ಹದವಾದ ಶಾಖವನ್ನು ನಾವೇ ಒದಗಿಸಿರುತ್ತೇವೆ. ನಮ್ಮ ಕೈಯಲ್ಲಿ ಇರುವುದು ನೀರು ಒಂದೇ.

ಆ ನೀರು ಎಲ್ಲಿಂದ ಬರುತ್ತದೆ? ನಾಲ್ಕು ಜನರ ಸಂಸಾರವೊಂದು ಉಸಿರು, ಅಡುಗೆ, ಸ್ನಾನ, ಬಟ್ಟೆ ಒಣಗಿಸುವಿಕೆಗಳಿಂದ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಮನೆಯ ಗಾಳಿಗೆ ಸೇರಿಸುತ್ತದೆಂದು ಅಲ್ಲಿಯ ಕಟ್ಟಡ ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಮಗಳ ಮನೆ ನೂರು ವರ್ಷಕ್ಕೂ ಹಳೆಯದು, ಸಾಲುಮನೆಗಳಲ್ಲಿ ಒಂದು, ನಡುವೆ ಪೊಳ್ಳಿಲ್ಲದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ. ಕಟ್ಟಿದವರು ದಡ್ಡರಾಗಿರಲಿಲ್ಲ. ಪ್ರತಿ ಕೋಣೆಯಲ್ಲಿ ಕಲ್ಲಿದ್ದಲಿನ ಒಲೆ, ಮೇಲೆ ಹೊಗೆಗೂಡು. ಬೆಂಕಿ ಉರಿದಷ್ಟು ಹೊತ್ತು ಒಳಗಿನ ತೇವದ ಗಾಳಿಯನ್ನು ಹೊಗೆಗೂಡು ಮೇಲಕ್ಕೆ ಎಳೆಯುತ್ತಿತ್ತು, ಕಿಟಕಿಯ ಸಂದಿನಿಂದ ಹೊಸ ಗಾಳಿ ನುಗ್ಗುತ್ತಿತ್ತು. ಅನಂತರ ಬಂದವರು ಒಲೆಯನ್ನು ಹಲಗೆ ಹೊಡೆದು ಮುಚ್ಚಿದರು, ಸಂದಿಲ್ಲದ ಎರಡು ಗಾಜಿನ ಕಿಟಕಿಗಳನ್ನು ಕೂರಿಸಿದರು. ಶಾಖ ಉಳಿಯಿತು, ಗಾಳಿ ನಿಂತಿತು. 2022ರಲ್ಲಿ ಅನಿಲದ ಬೆಲೆ ವಿಪರೀತವಾಗಿ ಏರಿದ ಮೇಲೆ ಮಗಳೂ ಅಳಿಯನೂ ಕೆಲಸಕ್ಕೆ ಹೋಗುವಾಗ ಶಾಖಯಂತ್ರವನ್ನು ಆರಿಸಿ ಹೋಗುತ್ತಿದ್ದರು. ಸಂಜೆ ಬಂದು ಅನ್ನ ಸಾರು ಕುದಿಸುತ್ತಿದ್ದರು, ಹೊರಗೆ ಬಿಸಿಲಿಲ್ಲದ್ದರಿಂದ ಒದ್ದೆ ಬಟ್ಟೆಗಳನ್ನು ಕೋಣೆಯಲ್ಲೇ ಹರವುತ್ತಿದ್ದರು. ತಣ್ಣನೆಯ ಗೋಡೆ, ಆವಿ ತುಂಬಿದ ಗಾಳಿ, ಗೋಡೆಗೆ ಒತ್ತಿ ಇಟ್ಟ ಕಪಾಟು. ಬೂಷ್ಟಿಗೆ ಇನ್ನೇನು ಬೇಕು?

ಇಲ್ಲಿ ನಮ್ಮ ಹಿರಿಯರ ಒಂದು ಕ್ರಮ ನೆನಪಾಗುತ್ತದೆ. ಬೀಸಿದ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದೂ ನೆಲ ತೊಯ್ದಾಗ ಜೀವೋತ್ಪತ್ತಿ ಹೆಚ್ಚೆಂಬ ಕಾರಣದಿಂದಲೇ. ತೇವವೇ ಸಮ್ಮೂರ್ಛನ ಜೀವಗಳ ಹುಟ್ಟಿನ ನೆಲೆ ಎಂಬುದನ್ನು ಅವರು ಬದುಕಿನ ನಿಯಮವನ್ನಾಗಿ ಮಾಡಿದ್ದರು. ಅವರ ದೃಷ್ಟಿ ಗಮನಾರ್ಹವಾದದ್ದು: ಹಿಟ್ಟಿನಲ್ಲಿ ಹುಟ್ಟಿದ ಜೀವವನ್ನು ಹೇಗೆ ತೆಗೆಯಬೇಕೆಂದು ಅವರು ಚರ್ಚಿಸಲಿಲ್ಲ, ಹುಟ್ಟದಂತೆ ದಿನ ಎಣಿಸಿದರು. (ಇಂಗ್ಲೆಂಡಿನ ಮುಚ್ಚಿದ ಮನೆಯ ಚಳಿಗಾಲಕ್ಕೆ 7 ದಿನದ ಲೆಕ್ಕ ಸಲ್ಲುತ್ತದೆಯೇ ಎಂದು ನನ್ನ ಧರ್ಮಪತ್ನಿ ಕೇಳಿದಳು. ಅಲ್ಲಿ ಚಳಿಗಾಲವೇ ಮನೆಯೊಳಗಿನ ಮಳೆಗಾಲ. ಅವಳು ಹಿಟ್ಟನ್ನು ಮೂರೇ ದಿನಕ್ಕೆ ಮುಗಿಸುತ್ತಿದ್ದಳು.)

ಇದರ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ನನ್ನ ಮಾತನ್ನು ತಿದ್ದಿಕೊಂಡೆ. ಅದು ಕೊಳೆಯಲ್ಲ, ಜೀವ. ಒರೆಸಿದಾಗ ಅದು ಸಾಯುತ್ತದೆ. ತಂಗಿಯ ಉಸಿರಿಗೆ ತೊಂದರೆಯಾಗುವುದರಿಂದ ಅಮ್ಮ ಒರೆಸಲೇಬೇಕು. ಆದರೆ ಪ್ರತಿ ವಾರ ಹುಟ್ಟಲು ಬಿಟ್ಟು ಪ್ರತಿ ವಾರ ಕೊಲ್ಲುವುದು ಮಾತ್ರ ನಮ್ಮಿಂದ ತಪ್ಪಿಸಲು ಸಾಧ್ಯ ಎಂದು ಹೇಳಿದೆ. ಹುಡುಗನಿಗೆ ಇದು ಕೂಡಲೇ ಅರ್ಥವಾಯಿತು. ಆರ್ದ್ರತೆಯನ್ನು ತೋರಿಸುವ ಸಣ್ಣ ಮಾಪಕವೊಂದನ್ನು ಅಳಿಯ ತಂದ. ಅದನ್ನು ಬೆಳಿಗ್ಗೆ ಸಂಜೆ ನೋಡಿ ಬರೆಯುವ ಕೆಲಸ ಹುಡುಗನದು. ಮೊದಲ ದಿನ ಅದು 78 ತೋರಿಸಿತು. ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಬೀಜಾಣುಗಳು ಹಾರದಂತೆ ಒಣ ಪೊರಕೆಯ ಬದಲು ಸಾಬೂನು ನೀರಿನ ಬಟ್ಟೆಯಿಂದ ಗೋಡೆಯನ್ನು ಒರೆಸಿ ಬಟ್ಟೆಯನ್ನು ಎಸೆದೆವು. ಬ್ಲೀಚಿಂಗ್ ದ್ರವ ಬಣ್ಣವನ್ನು ಬಿಳಿಚಿಸುತ್ತದೆ. ತೇವ ಹಾಗೆಯೇ ಉಳಿದರೆ ಕಪ್ಪು ಮತ್ತೆ ಬರುತ್ತದೆ, ಸತ್ತ ಬೂಷ್ಟು ಗೋಡೆಯಲ್ಲೇ ಉಳಿದರೆ ಅದೂ ಕೆಮ್ಮಿಗೆ ಕಾರಣವಾಗಬಲ್ಲದು. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದೆವು. ಪಾತ್ರೆಗಳಿಗೆ ಮುಚ್ಚಳ, ಬಟ್ಟೆ ಒಣಗಿಸುವುದು ಸ್ನಾನದ ಕೋಣೆಯಲ್ಲಿ ಬಾಗಿಲು ಮುಚ್ಚಿ ಕಿಟಕಿ ತೆರೆದು, ಬೆಳಿಗ್ಗೆ ಸಂಜೆ ಹತ್ತು ಹದಿನೈದು ನಿಮಿಷ ಎದುರುಬದುರಿನ ಕಿಟಕಿಗಳನ್ನು ತೆರೆಯುವುದು, ಗಾಜಿನ ಮೇಲಿನ ನೀರನ್ನು ಒರೆಸಿ ಬಟ್ಟೆಯನ್ನು ಹೊರಗೆ ಹಿಂಡುವುದು. ಶಾಖವನ್ನು ಎರಡು ಗಂಟೆ ಜೋರಾಗಿ ಹಾಕುವುದಕ್ಕಿಂತ ಇಡೀ ದಿನ ಮಂದವಾಗಿ ಇಡುವುದು ಗೋಡೆಗೆ ಹಿತ. ಅದನ್ನು ಮಾತ್ರ ಅನಿಲದ ಬಿಲ್ಲು ನೋಡಿ ಅರ್ಧಕ್ಕೆ ಬಿಡಬೇಕಾಯಿತು. ಮೂರು ವಾರದಲ್ಲಿ ಮಾಪಕ 65ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಇಳಿಯಬೇಕಾದರೆ ಸ್ನಾನದ ಕೋಣೆಯ ಕೆಟ್ಟುಹೋದ ಗಾಳಿಯಂತ್ರ ಸರಿಯಾಗಬೇಕಿತ್ತು, ಮುಚ್ಚಿದ ಹೊಗೆಗೂಡಿಗೆ ಗಾಳಿಕಿಂಡಿ ಬೇಕಿತ್ತು, ಗೋಡೆಗೆ ಶಾಖರಕ್ಷಕ ಹೊದಿಕೆ ಬೇಕಿತ್ತು. ಅವು ಮೂರೂ ಮನೆಯ ಮಾಲೀಕನ ಕೆಲಸಗಳು.

ಇಲ್ಲಿಂದ ಪ್ರಶ್ನೆ ತನ್ನ ರೂಪವನ್ನು ಬದಲಿಸುತ್ತದೆ. ಶಾಸ್ತ್ರವು ಕರ್ಮಕ್ಕೆ ಮೂರು ಬಾಗಿಲುಗಳನ್ನು ಹೇಳುತ್ತದೆ: ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು. ಒರೆಸುವ ಕೈ ಮಗಳದು. ಒರೆಸಬೇಕಾದ ಸ್ಥಿತಿಯಲ್ಲಿ ಅವಳನ್ನು ಇರಿಸಿದವರು ಯಾರು? ಮಾಲೀಕನಿಗೆ ಎರಡು ಬಾರಿ ಪತ್ರ ಹೋಗಿತ್ತು. ಕೊನೆಗೆ ಅವನು ಬಣ್ಣದವನೊಬ್ಬನನ್ನು ಕಳಿಸಿದ. ಬೂಷ್ಟು ನಿರೋಧಕ ಎಂದು ಬರೆದ ಡಬ್ಬಿಯ ಬಿಳಿ ಬಣ್ಣವನ್ನು ಅವನು ಮಧ್ಯಾಹ್ನದೊಳಗೆ ಬಳಿದು ಹೋದ. ಗೋಡೆ ಚೆಂದವಾಯಿತು. ಮೂರನೆಯ ವಾರ ಬಣ್ಣದ ಮೇಲೆ ಮತ್ತೆ ಚುಕ್ಕೆಗಳು. ಮಗಳು ದೂರವಾಣಿಯಲ್ಲಿ ಹೇಳಿದಾಗ ಆ ಕಡೆಯಿಂದ ಬಂದ ಉತ್ತರ, ಚಳಿಗಾಲದಲ್ಲಿ ಎಲ್ಲ ಹಳೆಯ ಮನೆಗಳೂ ಹೀಗೆಯೇ, ನೀವು ಅಡುಗೆ ಮಾಡುವ ರೀತಿಯಿಂದ ಹಾಗಾಗುತ್ತದೆ, ಕಿಟಕಿ ತೆರೆದಿಡಿ ಎಂಬುದಾಗಿತ್ತು.

ಇಂಥ ಉತ್ತರಕ್ಕೆ ಆ ದೇಶ ದೊಡ್ಡ ಬೆಲೆ ತೆತ್ತಿದೆ. ರಾಚ್‌ಡೇಲ್ ಎಂಬ ಊರಿನ ಬಾಡಿಗೆ ಮನೆಯೊಂದರಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟಿನ ದೀರ್ಘಕಾಲದ ಸಂಪರ್ಕದಿಂದ ಉಂಟಾದ ತೀವ್ರ ಶ್ವಾಸರೋಗವೇ ಮರಣದ ಕಾರಣವೆಂದು 2022ರ ನವೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಮಗು ಹುಟ್ಟುವ ಮೊದಲೇ, 2017ರಲ್ಲಿ, ತಂದೆ ಬೂಷ್ಟಿನ ವಿಷಯ ಹೇಳಿದ್ದಾಗ ಮೇಲೆ ಬಣ್ಣ ಬಳಿದುಕೊಳ್ಳಿರೆಂದು ಉತ್ತರ ಬಂದಿತ್ತು. ಆ ಸಂಸಾರದ ಜೀವನಶೈಲಿಯೇ ಕಾರಣವೆಂದು ಊಹಿಸಿಕೊಂಡದ್ದು ತಮ್ಮ ತಪ್ಪೆಂದು ಮನೆ ಒದಗಿಸಿದ ಸಂಸ್ಥೆ ಅನಂತರ ಒಪ್ಪಿಕೊಂಡಿತು. ಆ ಮಗುವಿನ ಹೆಸರಿನಲ್ಲಿಯೇ ಕಾನೂನು ಬಂದು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿ ಸಂಸ್ಥೆಗಳಿಗೆ ಅನ್ವಯವಾಗಿದೆ. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ, ತೇವ ಬೂಷ್ಟುಗಳಿಂದ ಗಣನೀಯ ಅಪಾಯದ ದೂರು ಬಂದರೆ 10 ಕೆಲಸದ ದಿನಗಳೊಳಗೆ ತನಿಖೆ ಎಂದು ಅದು ವಿಧಿಸುತ್ತದೆ. ಖಾಸಗಿ ಮಾಲೀಕರಿಗೂ ಅದನ್ನು ವಿಸ್ತರಿಸಲು 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆ ಅವಕಾಶ ಮಾಡಿದೆ. ಒಬ್ಬ ಕೂಸು ಸತ್ತ ಮೇಲೆ ಕಾನೂನು ಬರೆದದ್ದನ್ನು ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ವ್ರತದಲ್ಲಿ ಬರೆದಿದ್ದರು ಎಂದು ಬೀಗಿಕೊಳ್ಳಲು ನನಗೆ ಆಸೆಯಾಯಿತು. ಆದರೆ ಮಾಲೀಕನ ಆ ಮಾತನ್ನು ಮಗಳು ನನಗೆ ಕನ್ನಡದಲ್ಲಿ ತಿಳಿಸಿದಾಗ ನನ್ನ ಮೈ ತಣ್ಣಗಾಗಿತ್ತು. ಆ ಮಾತು ನನ್ನದಾಗಿತ್ತು.

1996ರಲ್ಲಿ ನಮ್ಮ ಪೇಟೆಮನೆಯ ಹಿಂಭಾಗದ ಎರಡು ಕೋಣೆಗಳನ್ನು ಶಾಲಾ ಮಾಸ್ತರರೊಬ್ಬರಿಗೆ ಬಾಡಿಗೆಗೆ ಕೊಟ್ಟೆ. ಪಡುವಣ ಗೋಡೆ ಮುರಕಲ್ಲಿನದು. ಮೇಲೆ ನಾನೇ ಸಿಮೆಂಟಿನ ಗಾರೆ ಮಾಡಿಸಿದ್ದೆ. ಪ್ರತಿ ಶ್ರಾವಣದಲ್ಲಿ ಅದು ಒಳಗೆ ಉಬ್ಬಿ ಕಪ್ಪಾಗುತ್ತದೆಂದು ನನಗೆ ಗೊತ್ತಿತ್ತು. ಏಪ್ರಿಲ್ ತಿಂಗಳಲ್ಲಿ, ಗೋಡೆ ಒಣಗಿ ಗರಿಗರಿಯಾಗಿದ್ದಾಗ, ಆಕಾಶನೀಲಿ ಡಿಸ್ಟೆಂಪರ್ ಹೊಡೆಸಿ ತೋರಿಸಿದೆ. ತೇವದ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಜುಲೈ ತಿಂಗಳಲ್ಲಿ ಅವರು ಅಂಗಡಿಗೆ ಬಂದು, “ಯಜಮಾನರೇ, ಗೋಡೆ ಪಸೆ ಬರುತ್ತಿದೆ, ಮಗುವಿಗೆ ದಮ್ಮು ಕಟ್ಟುತ್ತಿದೆ” ಎಂದರು. “ಮಳೆಗಾಲದಲ್ಲಿ ಎಲ್ಲರ ಮನೆಯೂ ಹೀಗೆಯೇ ಮಾಸ್ಟ್ರೇ, ಕಿಟಕಿ ತೆರೆದಿಡಿ” ಎಂದೆ. ಅವರು ದೀಪಾವಳಿಗೆ ಮನೆ ಬಿಟ್ಟರು. 5,000 ರೂಪಾಯಿ ಮುಂಗಡದಲ್ಲಿ 650 ರೂಪಾಯಿಗಳನ್ನು ಸುಣ್ಣಬಣ್ಣದ ಬಾಬ್ತು ಮುರಿದುಕೊಂಡು ಉಳಿದದ್ದನ್ನು ಕೊಟ್ಟೆ. ಅದೇ ಗೋಡೆಯ ಬಣ್ಣ!

ಊರಿಗೆ ಮರಳಿದ ಮೇಲೆ ಹಳೆಯ ಖಾತೆ ಪುಸ್ತಕವನ್ನು ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ ಆ ಬಾಬ್ತು ಇತ್ತು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದೊಂದಿದೆ. ಒಳ್ಳೆಯದರಂತೆ ಕಾಣುವ ಹುಳುಕನ್ನು ಒಳ್ಳೆಯದೆಂದು ಸಾಗಿಸುವುದು. ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಿಲ್ಲ. ಸರಿಯಾಗಿ ಒಣಗದ ಅಡಿಕೆಯನ್ನು ಗೋಣಿಯ ತಳಕ್ಕೆ ಹಾಕಿ ಮೇಲೆ ಒಳ್ಳೆಯ ಮಾಲನ್ನು ಹರಡಿದರೆ ಕೆಲವು ವಾರಗಳಲ್ಲಿ ಒಳಗೆ ಬೂಷ್ಟು ಹಿಡಿಯುತ್ತದೆ. ಕೊಂಡವನಿಗೆ ಗೊತ್ತಾಗುವಷ್ಟರಲ್ಲಿ ಹಣ ಕೈ ಬದಲಾಗಿರುತ್ತದೆ. ನಲವತ್ತು ವರ್ಷಗಳ ವ್ಯಾಪಾರದಲ್ಲಿ ಒಂದು ಗೋಣಿಯನ್ನೂ ಹಾಗೆ ಕಟ್ಟಲಿಲ್ಲವೆಂದು ನನಗೆ ಹೆಮ್ಮೆಯಿತ್ತು. ಗೋಡೆಯನ್ನು ಮಾತ್ರ ಹಾಗೆ ಕಟ್ಟಿದ್ದೆ. ಅಂಗಡಿಯ ತಕ್ಕಡಿಗೆ ಅನ್ವಯಿಸಿದ ವ್ರತವನ್ನು ಬಾಡಿಗೆಯ ಕೋಣೆಗೆ ಅನ್ವಯಿಸಲು ನನಗೆ ತೋಚಲಿಲ್ಲ. ಪ್ರಮಾದವೆಂದರೆ ಇದೇ ಎಂದು ಈಗ ತಿಳಿಯುತ್ತದೆ. ಅದು ಕ್ರೋಧದಂತೆ ಮುಖದಲ್ಲಿ ಕಾಣುವುದಿಲ್ಲ.

ದೇವಾಲಯಗಳ ಆಡಳಿತ ಮಂಡಳಿಯವರು ಈ ಪತ್ರಿಕೆಯನ್ನು ಓದುವುದರಿಂದ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರಲ್ಲಿ ಕಟ್ಟಿದವರು ಇಳಿಜಾರಿನ ಮಾಡನ್ನು ಗೋಡೆಯಿಂದ ಬಹುದೂರ ಚಾಚಿ, ಸುತ್ತ ಪಡಸಾಲೆ ಬಿಟ್ಟು, ಇರಿಚಲು ಒಳಗೋಡೆಯನ್ನು ಮುಟ್ಟದಂತೆ ನೋಡಿಕೊಂಡಿದ್ದಾರೆ. ಅದೇ ಊರಿನಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಈ ಮಳೆಯ ಸೀಮೆಯಲ್ಲಿ ಶತಮಾನಗಳ ಕಾಲ ಉಳಿದು ಬಂದವು. ಇಂದು ಜೀರ್ಣೋದ್ಧಾರವೆಂದರೆ ಹಳೆಯ ಸುಣ್ಣದ ಗಾರೆಯನ್ನು ಕೆತ್ತಿ ಸಿಮೆಂಟು ಮೆತ್ತುವುದು, ಅದರ ಮೇಲೆ ಎಣ್ಣೆಬಣ್ಣ, ಸೊಂಟದೆತ್ತರಕ್ಕೆ ಹೊಳಪಿನ ಹಾಸು ಎಂದಾಗಿದೆ. ಸುಣ್ಣದ ಗಾರೆ ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಮತ್ತು ಎಣ್ಣೆಬಣ್ಣ ಅದನ್ನು ಒಳಗೇ ಹಿಡಿದಿಡುತ್ತವೆ. ಅಭಿಷೇಕದ ನೀರು ಹರಿಯುವ ತೂಬು ಕಟ್ಟಿಕೊಂಡಿದೆಯೇ, ಮಾಡಿನ ಹಂಚು ಸರಿದಿದೆಯೇ, ಗ್ರಂಥಭಂಡಾರದ ಕಪಾಟು ಗೋಡೆಗೆ ಒತ್ತಿದೆಯೇ ಎಂದು ನೋಡುವುದಕ್ಕೆ ದಾನಿಗಳ ಹೆಸರಿನ ಫಲಕ ಹಾಕಲಾಗದು. ಆದುದರಿಂದ ಅದಕ್ಕೆ ಹಣ ಒದಗುವುದಿಲ್ಲ. ಯಾತ್ರಿನಿವಾಸದ ಕೋಣೆಗಳ ವಿಷಯವೂ ಇದೇ. ಪರ್ವದ ಮುಂಚೆ ಬಣ್ಣ ಬಳಿದು ವೃದ್ಧ ಯಾತ್ರಿಕರನ್ನು ಒದ್ದೆ ಗೋಡೆಯ ಪಕ್ಕ ಮಲಗಿಸುತ್ತೇವೆ. ನಾನೂ ಅಂಥ ಒಂದು ಸಮಿತಿಯಲ್ಲಿ ಆರು ವರ್ಷ ಇದ್ದವನು; ಬಣ್ಣದ ಬಿಲ್ಲಿಗೆ ಸಹಿ ಹಾಕಿದವನು.

ಮಾಸ್ತರರ ವಿಳಾಸ ಸಿಗಲು ಕೆಲವು ತಿಂಗಳು ಹಿಡಿಯಿತು. ನಿವೃತ್ತರಾಗಿ ಘಟ್ಟದ ಮೇಲಿನ ಒಂದು ಊರಿನಲ್ಲಿದ್ದಾರೆ. 650 ರೂಪಾಯಿಗೆ 28 ವರ್ಷ ಶೇಕಡಾ 8ರಂತೆ ಚಕ್ರಬಡ್ಡಿ ಹಾಕಿ 5,600 ರೂಪಾಯಿಗಳನ್ನು ಲಕೋಟೆಯಲ್ಲಿಟ್ಟುಕೊಂಡು 2024ರ ನವೆಂಬರ್‌ನಲ್ಲಿ ಹೋದೆ. ಅವರು ನನ್ನನ್ನು ಗುರುತಿಸಿದರು. ಕಾಫಿ ತರಿಸಿದರು. ವಿಷಯ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಆ ವರ್ಷ ನಿಮ್ಮ ಮೇಲೆ ಸಿಟ್ಟಿತ್ತು, ಆಮೇಲೆ ಮರೆತೆ” ಎಂದರು. ಆಗಿನ ಮಗು ಈಗ ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಮಳೆ ಹಿಡಿದರೆ ಇಂದಿಗೂ ಇನ್‌ಹೇಲರ್ ಬೇಕು. ಒಂದು ಮಳೆಗಾಲದ ಗೋಡೆಯಿಂದಲೇ ಹಾಗಾಯಿತೆಂದು ಯಾವ ವೈದ್ಯರೂ ಹೇಳಲಾರರು. ಅಲ್ಲವೆಂದು ಹೇಳುವ ಧೈರ್ಯ ನನಗೂ ಇಲ್ಲ. ಮಾಸ್ತರರು ಲಕೋಟೆಯಿಂದ 650 ರೂಪಾಯಿಗಳನ್ನು ಎಣಿಸಿ ತೆಗೆದುಕೊಂಡು ಉಳಿದ 4,950ನ್ನು ಹಿಂದಿರುಗಿಸಿದರು. “ಮುಂಗಡಕ್ಕೆ ನಮ್ಮಲ್ಲಿ ಬಡ್ಡಿಯ ಮಾತಾಗಿರಲಿಲ್ಲ” ಎಂದರು. ಬಸ್ಸಿನವರೆಗೆ ಬಂದು, “ಆ ಗೋಡೆ ಈಗ ಹೇಗಿದೆ?” ಎಂದು ಕೇಳಿದರು.

ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಆಗಲೂ ಅಲ್ಲಿ ಒಂದು ಸಂಸಾರ ಬಾಡಿಗೆಗಿತ್ತು. 2025ರ ಬೇಸಿಗೆಯಲ್ಲಿ ಅವರಿಗೆ ಮುಂಭಾಗದ ಕೋಣೆಗಳನ್ನು ಬಿಟ್ಟುಕೊಟ್ಟು ಪಡುವಣ ಗೋಡೆಯ ಸಿಮೆಂಟನ್ನೆಲ್ಲ ಕೆತ್ತಿಸಿದೆ, ಒಂದು ತಿಂಗಳು ಬಿಸಿಲಿಗೆ ಒಣಗಲು ಬಿಟ್ಟು ಸುಣ್ಣದ ಗಾರೆ ಮಾಡಿಸಿದೆ, ಮಾಡನ್ನು ಎರಡೂವರೆ ಅಡಿ ಹೊರಚಾಚಿಸಿದೆ. ಆ ಮಳೆಗಾಲದಲ್ಲಿ ಗೋಡೆ ಬಹುಮಟ್ಟಿಗೆ ಒಣಗಿಯೇ ಇತ್ತು. ಕಿಟಕಿಯ ಕೆಳಗಿನ ಮೂಲೆಯಲ್ಲಿ ಅಂಗೈಯಗಲದಷ್ಟು ಜಾಗ ಮಾತ್ರ ಆಷಾಢದಲ್ಲಿ ಕಪ್ಪಾಯಿತು. ಅದನ್ನು ಬಾಡಿಗೆಯ ಕರಾರು ಪತ್ರದಲ್ಲಿ ಬರೆಸಿದ್ದೇನೆ.